ಓಣಿಕಿವಿ

ಇಂದ್ರವ್ವನ ಎಡಗೈಯ ಬಳೆ ಸಣ್ಣಗೆ ನಡುಗಿತು. ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟು ನೋಡಿದರೆ ಬಳೆಯ ಮೇಲೆ ‘ತನ್ವಿ’ ಎಂಬ ಹೆಸರು ಮೂಡಿತ್ತು. ಅವಳು ತನ್ನ ಇಸ್ತ್ರಿ ಅಂಗಡಿಯಿಂದಲೇ ಕತ್ತು ಚಾಚಿ, ಹಾದಿಯಲ್ಲಿ ಹೊರಟಿದ್ದ ಹುಡುಗಿಯನ್ನು ಕೂಗಿದಳು. “ತನ್ವೀ, ಉಂಡ್ಯೇನವ್ವಾ?”

“ಹೂಂ ಅತ್ತಿ,” ಎಂದಳು ಹದಿನಾಲ್ಕರ ತನ್ವಿ. ಬಳೆ ಸುಮ್ಮನಾಯಿತು.

ಅದು ೨೦೫೮ನೆಯ ಇಸವಿ. ಬೆಟಗೇರಿಯ ಆ ಓಣಿಯ ದೀಪದ ಕಂಬದಲ್ಲಿ ಡಾ. ವಸುಂಧರಾ ಕಟ್ಟಿಮನಿಯವರು ಕಂಡುಹಿಡಿದ ಯಂತ್ರ ಕೂತಿತ್ತು. ಜನ ಅದನ್ನು ಓಣಿಕಿವಿ ಎನ್ನುತ್ತಿದ್ದರು. ಕಳವು, ಹೊಡೆದಾಟ ಮಾಡಿ ಬಾಲಮಂದಿರ ಸೇರಿದ ಮಕ್ಕಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಕಟ್ಟಿಮನಿಯವರಿಗೆ ಒಂದು ಸಂಗತಿ ಕಂಡಿತ್ತು. ಮನೆಯಾಚೆಯ ಹಿರಿಯರು ಆ ಮಕ್ಕಳನ್ನು ಹೆಸರು ಹಿಡಿದು ಅಕ್ಕರೆಯಿಂದ ಕರೆದದ್ದೇ ಅಪರೂಪ. ಓಣಿಕಿವಿ ಯಾರ ಮಾತನ್ನೂ ಕೂಡಿಡುತ್ತಿರಲಿಲ್ಲ. ಹೆಸರನ್ನು, ಅದನ್ನು ಕರೆದ ದನಿಯ ಏರಿಳಿತವನ್ನು ಮಾತ್ರ ಗುರುತಿಸುತ್ತಿತ್ತು. ಒಂದು ಮಗುವಿಗೆ ಅಕ್ಕರೆಯ ಕರೆ ಕಡಿಮೆಯಾದರೆ ಹತ್ತಿರದ ಹಿರಿಯರೊಬ್ಬರ ಬಳೆಗೆ ಸೂಚನೆ ಹೋಗುತ್ತಿತ್ತು. ಪೊಲೀಸರಿಗಲ್ಲ. ಅಷ್ಟರಿಂದಲೇ ಓಣಿಯ ಹುಡುಗರ ಕಳವು ನಿಂತುಹೋಗಿತ್ತು. ತಂದೆತಾಯಿಗಳು ಇದಕ್ಕೆ ಒಪ್ಪಿದ್ದರು. ಮಕ್ಕಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ತನ್ವಿ ಅಂಗಡಿಯ ಮುಂದೆ ಬಂದು ನಿಂತಳು. “ಅತ್ತಿ, ಬಳಿ ನಡುಗಿದ್ದಕ್ಕ ನನ್ನ ಕರೀತೀಯೋ, ನನ್ನ ನೋಡಿ ಕರೀತೀಯೋ?”

“ಯಾರ್ ಹೇಳಿದ್ರು ನಿನಗ?”

“ಯಾರ್ಯಾಕ ಹೇಳ್ಬೇಕು? ನೀ ಮೊದಲ ಕೈ ನೋಡ್ಕೋತಿ, ಆಮ್ಯಾಲ ನನ್ನ ನೋಡ್ತಿ.”

ಇಂದ್ರವ್ವ ಬಳೆಯ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಹುಡುಗಿಯ ಮೇಲೆ ತನಗೆ ಜೀವವಿರುವುದು ಸುಳ್ಳಲ್ಲ. ಆದರೆ ಬಳೆ ಬರುವ ಮೊದಲು ಎಷ್ಟೋ ವರ್ಷ ಇವಳ ಶಾಲೆಯ ಬಟ್ಟೆಗೆ ಇಸ್ತ್ರಿ ಹಾಕಿದ್ದಳು, ಹೆಸರು ಕೇಳಿರಲಿಲ್ಲ. ಹಾಗಾದರೆ ಈ ಅಕ್ಕರೆ ಯಾರದು? ಅವಳು ತಲೆಯೆತ್ತುವಷ್ಟರಲ್ಲಿ ತನ್ವಿ ಹೊರಟುಹೋಗಿದ್ದಳು.

ಆಮೇಲೆ ತನ್ವಿ ಸ್ಟೇಷನ್ ಕಡೆಯ ಇಬ್ಬರು ಪುಂಡರ ಜೊತೆ ತಿರುಗತೊಡಗಿದಳು. ಗಾಬರಿಯಾದ ಓಣಿಯವರು ಅವಳನ್ನು ಮೊದಲಿಗಿಂತ ಹೆಚ್ಚು ಕರೆದರು. ಅವಳು ಓಗೊಡಲಿಲ್ಲ. ಕರೆಗಳ ಲೆಕ್ಕ ಸರಿಯಿದ್ದುದರಿಂದ ಬಳೆ ಮಾತ್ರ ಶಾಂತವಾಗಿತ್ತು.

ಶಾಲೆಯ ಸೌರದೀಪದ ಬ್ಯಾಟರಿಗಳು ಒಂದೊಂದಾಗಿ ಕಾಣೆಯಾಗುತ್ತಿದ್ದ ಕಾಲ ಅದು. ಒಂದು ದಿನ ತನ್ವಿ ಶಾಲೆಯ ಹಿಂಬದಿಯಿಂದ ಭಾರದ ಚೀಲ ಹೊತ್ತು ಬರುವುದನ್ನು ಇಂದ್ರವ್ವ ಕಂಡಳು. ಬಳೆ ನಡುಗಲಿಲ್ಲ. ಯಂತ್ರವೇ ಸುಮ್ಮನಿರುವಾಗ ತನ್ನ ಕಣ್ಣೇ ತಪ್ಪಿರಬೇಕೆಂದು ಕೂತಳು. ಎದ್ದಳು. ಮತ್ತೆ ಕೂತಳು. ಕೊನೆಗೆ ಕಾದ ಇಸ್ತ್ರಿಯನ್ನು ಹಾಗೆಯೇ ಬಿಟ್ಟು ಓಡಿದಳು.

“ಚೀಲದಾಗ ಏನೈತಿ?”

“ಬಳಿ ಏನಂತೈತಿ?”

“ಅದು ಏನೂ ಅನ್ನವಲ್ದು.”

“ಮತ್ಯಾಕ ಬಂದಿ?”

“ಗೊತ್ತಿಲ್ಲವ್ವಾ. ನಿನ್ನ ಮ್ಯಾಲ ಜೀವ ಐತೋ, ಬರೇ ರೂಢಿ ಬಿದ್ದೈತೋ, ನನಗ ತಿಳೀವಲ್ದು. ಕಾಲು ತಡೀಲಿಲ್ಲ, ಬಂದೆ.”

ತನ್ವಿ ಬ್ಯಾಟರಿಯ ಚೀಲವನ್ನು ನೆಲಕ್ಕಿಳಿಸಿದಳು. ಇಂದ್ರವ್ವ ಸುಳ್ಳು ಹೇಳಿದ್ದರೆ ಹುಡುಗಿ ಜಗಳಕ್ಕೆ ನಿಲ್ಲುತ್ತಿದ್ದಳೇನೋ. ಇಬ್ಬರೂ ಚೀಲದ ಒಂದೊಂದು ಕಿವಿ ಹಿಡಿದು ಶಾಲೆಗೆ ನಡೆದರು. ಮುಖ್ಯೋಪಾಧ್ಯಾಯಿನಿ ಬಯ್ದರು, ತನ್ವಿಯ ತಾಯಿಯನ್ನು ಕರೆಸಿದರು, ಪೊಲೀಸರನ್ನು ಕರೆಸಲಿಲ್ಲ.

“ಅತ್ತಿ, ಇನ್ನ ನನ್ನ ಯಾರೂ ಕರೀಬ್ಯಾಡ್ರಿ. ಬರಬೇಕನ್ನಿಸಿದ್ರ ನಾನ ಬರ್ತೀನಿ,” ಎಂದಳು ತನ್ವಿ, ಮರಳಿ ಬರುವಾಗ.

ಇಂದ್ರವ್ವ ಆ ಮಾತನ್ನು ಓಣಿಗೆಲ್ಲ ಮುಟ್ಟಿಸಿದಳು. ಮರುದಿನದಿಂದ ಬಳೆ ಬಿಡದೆ ನಡುಗಿತು. ಇಂದ್ರವ್ವ ಹಲ್ಲು ಕಚ್ಚಿ ಸುಮ್ಮನಿದ್ದಳು. ಸುಮ್ಮನಿರುವುದು ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ. ಕೆಲವು ದಿನ ಕಳೆದ ಮೇಲೆ ತನ್ವಿ ತಾನಾಗಿ ಬಂದಳು. ಮಾತಾಡದೆ ಕೂತು ನಾಲ್ಕು ಅಂಗಿ ಮಡಿಚಿಟ್ಟು ಹೋದಳು. ಯಾರೂ ಹೆಸರು ಹಿಡಿದು ಕರೆಯದಿದ್ದುದರಿಂದ ಬಳೆ ಆಗಲೂ ನಡುಗುತ್ತಲೇ ಇತ್ತು.

ವಿಷಯ ತಿಳಿದು ಕಟ್ಟಿಮನಿಯವರೇ ಬಂದರು. “ಯಂತ್ರದ ಪ್ರಕಾರ ಆ ಹುಡುಗಿ ಅಪಾಯದಾಗ ಇದ್ದಾಳ, ಇಂದ್ರವ್ವ.”

“ಕಳವು ಮಾಡಿದ ದಿನ ಯಂತ್ರದ ಪ್ರಕಾರ ಆಕಿ ಚಲೋ ಇದ್ಲಲ್ರಿ ಮೇಡಂ?”

ಕಟ್ಟಿಮನಿಯವರು ಕನ್ನಡಕ ತೆಗೆದು ಒರೆಸಿದರು. “ಕರೆಯೋದನ್ನ ಅಳೆದೆ, ಓಗೊಡೋದನ್ನ ಅಳೀಲಿಲ್ಲ. ಅದನ್ನೂ ಸೇರಿಸಬಹುದು...” ಎಂದವರು ಮಾತನ್ನು ಅರ್ಧಕ್ಕೇ ಬಿಟ್ಟರು. “ಯಂತ್ರ ತಗದುಬಿಡಲೇನು?”

“ಬ್ಯಾಡ್ರಿ. ತಗದ್ರ ನಾಳೆ ಹುಟ್ಟೋ ಕೂಸಿನ ಹೆಸರು ನಾ ಕೇಳ್ತೀನೋ ಇಲ್ಲೋ. ಇಟ್ರ, ಅಕ್ಕರಿ ನಂದೋ ಅದರದೋ ತಿಳಿಯಂಗಿಲ್ಲ.” ಇಂದ್ರವ್ವ ತಡೆದು ಕೇಳಿದಳು, “ನೀವು ಸಣ್ಣವರಿದ್ದಾಗ ಇದು ಇರಲಿಲ್ಲಲ್ರಿ. ಆಗ ಓಣಿ ಹುಡುಗ್ರನ್ನ ಯಾರ್ ಕರೀತಿದ್ರು?”

ಕಟ್ಟಿಮನಿಯವರು ತಾವು ಬೆಳೆದ ಹುಬ್ಬಳ್ಳಿಯ ಬೀದಿಯನ್ನು ನೆನೆದರು. ಗೇಟಿಗೊಂದು ಕ್ಯಾಮೆರಾ, ಕೈಗೊಂದು ಫೋನು. ಎದುರುಮನೆಯ ಹುಡುಗ ದಿನಾ ಸಂಜೆ ಕಟ್ಟೆಯ ಮೇಲೆ ಒಬ್ಬನೇ ಕೂತಿರುತ್ತಿದ್ದ. ಎಲ್ಲರೂ ಅವನನ್ನು ನೋಡಿಕೊಂಡೇ ಒಳಗೆ ಹೋಗುತ್ತಿದ್ದರು.

“ನಮ್ಮ ಎದುರುಮನಿಯಾಗ ಒಬ್ಬ ಹುಡುಗ ಇದ್ದ. ನಿರಂಜನ ಅಂತ ಅವನ ಹೆಸರು,” ಎಂದರು ಕಟ್ಟಿಮನಿ. “ಇಡೀ ಓಣಿಗೆ ಅದು ಗೊತ್ತಾಗಿದ್ದು ಅವನನ್ನ ಹಿಡಿಯಾಕ ಪೊಲೀಸ್ ಜೀಪು ಬಂದ ದಿನ.”