ನೀನು ಎಂಬ ತಪ್ಪು

"ತಪ್ಪು!"

ಸೋಫಾದ ಈ ತುದಿಯಿಂದ ಅವಳು ಟಿ.ವಿ.ಗೇ ಬೈದಳು.

"ತಪ್ಪಲ್ಲ," ಎಂದಿತು ಆ ತುದಿಯ ದನಿ.

ಅವಳು ತಿರುಗಿ ನೋಡಿದಳು. ಅಣ್ಣನ ಗೆಳೆಯ. ಕನ್ನಡಕದ ಅಂಗಡಿಯವನು. ಪರಿಚಯವಾಗಿ ಇನ್ನೂ ಮುಕ್ಕಾಲು ಗಂಟೆ! "ಒಳ್ಳೇ ಸಸ್ಪೆನ್ಸ್ ಸಿನಿಮಾ ತಂದಿದಾನೆ, ಎಲ್ಲರೂ ನೋಡೋಣ" ಎಂದು ಭಾನುವಾರ ಮಧ್ಯಾಹ್ನ ಅವನನ್ನು ಕರೆತಂದಿದ್ದ ಅಣ್ಣ, ಹೆಣ ಕಾಣದೆ ಬೇಸತ್ತು, ಇಬ್ಬರ ನಡುವೆ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದ.

ಪುಸ್ತಕದ ಕರಡು ತಿದ್ದುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ. ಅಂಗಡಿ ಬೋರ್ಡು, ಔಷಧಿಯ ಡಬ್ಬಿ, ಯಾವುದನ್ನೂ ಅವಳು ಸುಮ್ಮನೆ ಓದಿದ್ದಿಲ್ಲ. ಮನೆಯಲ್ಲಿ ಅವಳಿಗೆ 'ಕೆಂಪು ಪೆನ್ನು' ಎಂದೇ ಹೆಸರು.

"ಇಷ್ಟು ಹೊತ್ತು ಬಾಡಿಗೆಯವನು ಮನೆಯೊಡತಿಗೆ 'ನೀವು, ಬನ್ನಿ' ಅಂತಿದ್ದ. ಈಗ ನೋಡಿ, 'ಬಾಗಿಲು ಹಾಕ್ಕೋ' ಅಂದ! ಬರೆದವರು ಮರೆತಿದಾರೆ."

ಅವನು ಸಿನಿಮಾ ನಿಲ್ಲಿಸಿದ. ಮೆಲ್ಲಗೆ ಹೇಳಿದ:

"ಮರೆತಿದ್ದು ಬರೆದವರಲ್ಲ ಮೇಡಂ. ಬಾಡಿಗೆಯವನು."

ಎರಡು ಕ್ಷಣ ಬೇಕಾಯಿತು. ಆಮೇಲೆ ಅವಳ ಮೈ ಜುಮ್ಮೆಂದಿತು. ಅಂದರೆ... ಇಬ್ಬರೂ ಮೊದಲೇ ಪರಿಚಯದವರು! ಒಡತಿಯ ಗಂಡ ಮೆಟ್ಟಿಲಿಂದ ಬಿದ್ದು ಸತ್ತದ್ದು...

ಅವನು ಮತ್ತೆ ಓಡಿಸಿದ. ಸಿನಿಮಾ ಮಾತ್ರ ಏನನ್ನೂ ಹೇಳಲಿಲ್ಲ. ರಕ್ತವಿಲ್ಲ, ಚೀರಾಟವಿಲ್ಲ, ಎದೆ ಗುದ್ದುವ ಸಂಗೀತವೂ ಇಲ್ಲ. ಒಡತಿ ಬಾಗಿಲು ಹಾಕಿಕೊಂಡಳು. ಕ್ಯಾಮೆರಾ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಿತು. ಒಂದು ಮಾತು ಜಾರಿತ್ತು, ಒಂದು ಕೊಲೆ ಬಯಲಾಗಿತ್ತು, ಅಷ್ಟೇ!

'ಇಂಥದ್ದಕ್ಕೆ ಕಿವಿಗೊಡುವ ಗಂಡಸೂ ಇದ್ದಾನೆ...' ಅವಳಿಗೆ ಯಾಕೋ ಖುಷಿಯಾಯಿತು.

ಮುಂದಿನ ನಾಲ್ಕು ಭಾನುವಾರವೂ ಅವನು ಬಂದ. ನಾಲ್ಕು ಸಲವೂ ಅದೇ ಸಿನಿಮಾ!

"ನಿಮ್ಮಿಬ್ಬರಿಗೂ ತಲೆ ನೆಟ್ಟಗಿದ್ಯಾ?" ಎಂದಳು ಅತ್ತಿಗೆ.

ಅವರಿಗೆ ಕೇಳಿಸಲಿಲ್ಲ. ಮೊದಲ ಸಲ ಆ ಮನೆಗೆ ಬಂದ ಬಾಡಿಗೆಯವನು ಕತ್ತಲಲ್ಲಿ ತಡಕಾಡದೆ ಸ್ವಿಚ್ ಒತ್ತಿದ್ದು ಹೇಗೆಂದು ಅವರು ಅರ್ಧ ಗಂಟೆ ಮಾತಾಡಿದರು.

ನಾಲ್ಕನೆಯ ಭಾನುವಾರ ಹೊರಡುವಾಗ ಅವನು ಎರಡು ಹಾಳೆ ಕೊಟ್ಟ. ಗ್ರಂಥಾಲಯದ ಮಾಸಪತ್ರಿಕೆಗೆಂದು ಆ ಚಿತ್ರವನ್ನು ಮೆಚ್ಚಿ ಬರೆದದ್ದು. "ಸ್ವಲ್ಪ ನೋಡಿಕೊಡಿ..."

ಓದುಗರನ್ನು ಉದ್ದಕ್ಕೂ 'ನೀವು' ಎಂದಿದ್ದ. ಕೊನೆಯ ಸಾಲು ಮಾತ್ರ ಹೀಗಿತ್ತು: 'ಪಕ್ಕದಲ್ಲಿ ನೀನು ಇರದಿದ್ದರೆ ಆ ಮುಚ್ಚಿದ ಬಾಗಿಲು ನನಗೂ ಬರೀ ಮರದ ಹಲಗೆ.'

ಕೈ ಎಲ್ಲಿ ಮಾತು ಕೇಳುತ್ತದೆ! 'ನೀನು' ಮೇಲೆ ಕೆಂಪು ಗೆರೆ ಬಿತ್ತು. ಅಂಚಿನಲ್ಲಿ, 'ನೀವು ಎಂದಾಗಬೇಕು. ಏಕರೂಪತೆ ಕಾಪಾಡಿ.' ಅಣ್ಣನ ಕೈಲಿ ಕಳಿಸಿದಳು.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

"ನಿನ್ನ ಫ್ರೆಂಡ್ ಬರಲ್ವಂತಾ?" ಏನೂ ಆಗದವಳ ಹಾಗೆ ಕೇಳಿದಳು.

"ಅದೇನೋಪ್ಪ... 'ತಿದ್ದಿದ್ದು ಅರ್ಥ ಆಯ್ತು, ಇನ್ಮೇಲೆ ನನ್ನ ಪಾಡಿಗೆ ನಾನಿರ್ತೀನಿ' ಅಂದ. ಅಂಥಾದ್ದೇನೇ ತಿದ್ದಿದೆ?" ಎಂದ ಅಣ್ಣ.

ಅವಳು ಹೇಳಿದಳು. ಅತ್ತಿಗೆ ಹಣೆ ಚಚ್ಚಿಕೊಂಡಳು.

"ಪುಣ್ಯಾತ್ಗಿತ್ತೀ! ಸಿನಿಮಾದವನು ಯಾರಿಗೋ 'ಹಾಕ್ಕೋ' ಅಂದಿದ್ದಕ್ಕೆ ಮೈ ಜುಂ ಅಂತು ಅಂದೆ. ನಿಂಗೇ 'ನೀನು' ಅಂದ್ರೆ ಗೆರೆ ಎಳೆದ್ಯಾ?"

ಅಯ್ಯೋ...!

'ಹನ್ನೊಂದು ವರ್ಷ ತಪ್ಪು ಹಿಡಿದೆ... ಒಬ್ಬ ಮನುಷ್ಯನನ್ನು ಹಿಡಿದಿಟ್ಟುಕೊಳ್ಳಲು ಬರಲಿಲ್ಲವಲ್ಲ!'

ಮರುದಿನ ಊಟದ ಬಿಡುವಿನಲ್ಲಿ ಅಂಗಡಿಗೆ ಹೋದಳು. ಯಾರದೋ ಫ್ರೇಮಿಗೆ ಸ್ಕ್ರೂ ಕೂರಿಸುತ್ತಿದ್ದವನು ಅವಳನ್ನು ಕಂಡು ಎದ್ದ. ಸ್ಕ್ರೂ ಉರುಳಿ ಎಲ್ಲೋ ಹೋಯಿತು.

"ಬನ್ನಿ... ಕಣ್ಣು ತೋರಿಸೋದಿತ್ತಾ?"

"ಕಣ್ಣು ಸರಿಯಿದೆ. ಓದೋಕೇ ಬರಲ್ಲ ಅಂತ ನಿನ್ನೆ ಗೊತ್ತಾಯ್ತು."

ಅವನು ನಗಲಿಲ್ಲ. "ಬರೀತಾ ಕೈ ಜಾರ್ತು. ಅಳಿಸೋಣ ಅಂದ್ಕೊಂಡೆ. ಆಮೇಲೆ, ನಿಮ್ಮ ಕಣ್ಣಿಗೆ ಬೀಳ್ಲಿ ಅಂತ ಬಿಟ್ಟೆ... ಬಿತ್ತು."

"ಎಲ್ಲಿ ಅದು? ಪತ್ರಿಕೆಗೆ ಕೊಟ್ಟುಬಿಟ್ರಾ?"

ಕೊಟ್ಟಿರಲಿಲ್ಲ. ಡ್ರಾಯರಿನಿಂದ ತೆಗೆದ. ಅವಳು ಪೆನ್ನು ತೆಗೆದದ್ದು ಕಂಡು ಮುಖ ಇನ್ನಷ್ಟು ಇಳಿಯಿತು.

ಗೆರೆ ಎಳೆದ ಆ ಪದದ ಕೆಳಗೆ ಅವಳು ಸಾಲಾಗಿ ಚುಕ್ಕಿ ಇಡತೊಡಗಿದಳು.

"ಇದೇನು, ಇನ್ನೊಂದು ತಪ್ಪಾ?"

"ನಮ್ಮ ಕೆಲಸದಲ್ಲಿ ಹೀಗೆ ಚುಕ್ಕಿ ಇಟ್ರೆ... ಬರೆದವರದೇ ಸರಿ, ತಿದ್ದಿದವಳದೇ ತಪ್ಪು, ಮೊದಲಿದ್ದಿದ್ದೇ ಇರ್ಲಿ ಅಂತ."

ಅವನು ಒಂದೊಂದೇ ಚುಕ್ಕಿಯ ಮೇಲೆ ಬೆರಳಾಡಿಸಿದ.

"ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಇಟ್ಟಿದೀರಿ?"

"ಇದೇ ಮೊದಲು."

ಈಗ ಅವನ ತುಟಿಯಂಚು ಅರಳಿತು.

"ಹಾಗಾದ್ರೆ... ಭಾನುವಾರ ಬರ್ಲಾ?"

'ಬನ್ನಿ' ಎನ್ನಲು ಬಾಯಿ ತೆರೆದವಳು ಅರ್ಧಕ್ಕೇ ನಿಂತಳು. ಕೆನ್ನೆ ಬಿಸಿಯಾಯಿತು.

"ಭಾನುವಾರದವರೆಗೂ ಯಾಕೆ?" ಎಂದಳು. "ಸಂಜೇನೇ ಬಾ."