ಮಬ್ಬುಗಣ್ಣನೂ ಎರಡು ಹೆಸರುಕಾಳೂ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಏಳುಕೆರೆ ಎಂಬ ರಾಜ್ಯವಿತ್ತು. ಆ ರಾಜ್ಯದ ಮೇಲೆ ಮಬ್ಬುಗಣ್ಣ ಎಂಬ ಮಾಂತ್ರಿಕನ ಕಣ್ಣು ಬಿದ್ದಿತ್ತು. ಅವನು ದಿನವೂ ಮುಸ್ಸಂಜೆಗೆ ಒಂದು ಕರಿಬಂಡೆಯ ಮೇಲೆ ಮಂತ್ರ ಬರೆಯುತ್ತಿದ್ದ. ಬರೆದರೆ ಮಂಜು ಏಳುತ್ತಿತ್ತು. ಬೆಳಗಾಗುವಷ್ಟರಲ್ಲಿ ಇಬ್ಬನಿಗೆ ಅಕ್ಷರ ಅಳಿಸಿಹೋಗುತ್ತಿತ್ತು, ಆದ್ದರಿಂದ ಸಂಜೆ ಮತ್ತೆ ಬರೆಯಲೇಬೇಕಿತ್ತು. ಒಂದು ಸಂಜೆ ತಪ್ಪಿದರೂ ಮಂಜು ಉಳಿಯದು. ಮಂಜಿಲ್ಲದೆ ಬಿಸಿಲು ತಗುಲಿದರೆ ಅವನೂ ಉಳಿಯನು.

ಬರೆಯಲು ಬಳಪ ಬೇಕಲ್ಲವೇ? ಅವನು ಮಕ್ಕಳನ್ನೇ ಬಳಪ ಮಾಡಿಕೊಳ್ಳುತ್ತಿದ್ದ. ಬರೆದಷ್ಟೂ ಬಳಪ ಸವೆಯುತ್ತದೆ. ಹಾಗಾಗಿ ಅವನಿಗೆ ಮತ್ತೆ ಮತ್ತೆ ಮಕ್ಕಳು ಬೇಕಾಗುತ್ತಿದ್ದರು.

ಮಂಜು ಮೊದಲು ಶಾಲೆಯನ್ನು ನುಂಗಿತು. ಅಪ್ಪ ಅಮ್ಮಂದಿರು, ಗುರುಗಳು, ಎಲ್ಲರೂ ಪಂಜು ಹಿಡಿದು ಮಂಜನ್ನು ತಡೆಯಲು ಗಡಿಗೆ ಹೋದರು. ಹೋಗುವ ಮೊದಲು ಅರಸ ಡಂಗುರ ಸಾರಿಸಿದ:

"ಹಿರಿಯ ಮಕ್ಕಳೇ, ಕಿರಿಯರಿಗೆ ಮನೆಯಲ್ಲೇ ಪಾಠ ಹೇಳಿ! ಮನೆಯಲ್ಲಿ ಪಾಠ ನಡೆದರೆ ಮಬ್ಬುಗಣ್ಣ ಪ್ರಶ್ನೆ ಕೇಳದೆ ಮಗುವನ್ನು ಮುಟ್ಟಲಾರ. ಉತ್ತರವನ್ನು ಮಗುವೇ ಹೇಳಬೇಕು, ಬೇರೆಯವರು ಹೇಳಿಕೊಡುವಂತಿಲ್ಲ. ಉತ್ತರ ತಪ್ಪಾದರೆ ಮಗು ಅವನದು. ಮೂರು ಪ್ರಶ್ನೆ ಗೆದ್ದರೆ ಮಗು ನಮ್ಮದು. ಹೊಸಿಲೊಳಗೆ ಬಂದು ಪ್ರಶ್ನೆ ಕೇಳಿದವರು ಯಾರೇ ಆಗಲಿ, ಉತ್ತರವನ್ನು ಕಣ್ಣಾರೆ ಕಾಣುವ ತನಕ ಹೊಸಿಲು ದಾಟಿ ಹೋಗುವಂತಿಲ್ಲ. ಭೂಮಿ ಹುಟ್ಟಿದಾಗಿನಿಂದ ಇದೇ ಕಟ್ಟಳೆ!"

ಈ ಕೊನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಆ ರಾಜ್ಯದ ಒಂದು ಊರಿನಲ್ಲಿ ಸಂಕಣ್ಣ ಎಂಬ ಯುವಕನಿದ್ದ. ಅವನ ತಂಗಿ ಬೊಮ್ಮಿಗೆ ಎಂಟು ವರ್ಷ. ಡಂಗುರ ಕೇಳಿದಾಗಿನಿಂದ ಸಂಕಣ್ಣನ ಹೊಟ್ಟೆಯೊಳಗೆ ಕಲ್ಲು ಇಟ್ಟಂತಾಯಿತು. ಅವನು ಯಾರಿಗೂ ಪಾಠ ಹೇಳಿದವನಲ್ಲ. ಮನೆಯಲ್ಲಿ ಪುಸ್ತಕವೂ ಇರಲಿಲ್ಲ, ಎಲ್ಲವೂ ಶಾಲೆಯೊಂದಿಗೆ ಮಂಜಿನೊಳಗೆ ಹೋಗಿದ್ದವು. ಇದ್ದದ್ದು ಒಲೆ, ಅಂಗಳ, ಕಾಳಿನ ಮಡಕೆ. ಅವುಗಳಿಂದಲೇ ಶುರು ಮಾಡಿದ.

ರೊಟ್ಟಿ ಮಡಚಿ ಅರ್ಧ, ಕಾಲು ಕಲಿಸಿದ. ಒಳಂಗಳದಲ್ಲಿ ಒಂದು ಕೋಲು ನೆಟ್ಟು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದರ ನೆರಳು ಬಿದ್ದಲ್ಲಿ ಇದ್ದಿಲಿನಿಂದ ಗೆರೆ ಎಳೆಸಿದ. ಹೆಸರುಕಾಳನ್ನು ಎರಡು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರುವುದನ್ನು ನೋಡಲು ಹೇಳಿದ. ಒಂದು ಗಂಟಿಗೆ ನೀರು ಹಾಕಲು ಅವನೇ ಮರೆತ. ಆ ಗಂಟಿನಲ್ಲಿ ಮೊಳಕೆ ಬರಲಿಲ್ಲ.

"ಯಾಕಣ್ಣ ಬಂದಿಲ್ಲ?" ಎಂದಳು ಬೊಮ್ಮಿ.

ಮರೆತೆ ಎನ್ನಲು ಸಂಕಣ್ಣನಿಗೆ ಹೆದರಿಕೆ. ಪಾಠ ಹೇಳುವವನಿಗೆ ಎಲ್ಲ ಗೊತ್ತಿರಬೇಕೆಂದು ಅವನು ತಿಳಿದಿದ್ದ. "ಆ ಕಾಳು ಸತ್ತಿದೆ. ನೋಡು, ಬಣ್ಣವೇ ಮಾಸಿದೆ" ಎಂದುಬಿಟ್ಟ.

ಬೊಮ್ಮಿ ಸುಮ್ಮನೆ ಆ ಗಂಟಿಗೂ ನೀರು ಚಿಮುಕಿಸಿದಳು. ಮರುದಿನ ಅದರಲ್ಲೂ ಬಿಳಿ ಮೊಳಕೆ ಇಣುಕಿತು. "ನಿನ್ನ ಸತ್ತ ಕಾಳಿಗೆ ಬಾಲ ಬಂದಿದೆ, ಗುರುಗಳೇ!" ಎಂದು ಅಣಕಿಸಿದಳು. ಸಂಕಣ್ಣನ ಮುಖ ಕೆಂಪಾಯಿತು.

ಆ ವಾರವೇ ಮಂಜು ಊರೊಳಗೆ ಬಂತು. ಪಕ್ಕದ ಮನೆಯ ದ್ಯಾವ ಎಂಬ ಹುಡುಗ, ಬೊಮ್ಮಿಯ ಜೊತೆಗಾರ, ಗೊತ್ತಿಲ್ಲದ ಪ್ರಶ್ನೆಗೆ ಹೆದರಿ ಬಾಯಿಗೆ ಬಂದದ್ದನ್ನು ಹೇಳಿದ. ಅವನು ನಿಂತಿದ್ದ ಜಾಗದಲ್ಲಿ ಒಂದು ಬಳಪ ಬಿದ್ದಿತ್ತು. ಮಂಜು ಅದನ್ನು ಎತ್ತಿಕೊಂಡು ಹೋಯಿತು.

ಒಂದು ಬೆಳಿಗ್ಗೆ ಮಬ್ಬುಗಣ್ಣ ಕಳಿಸಿದ ನಾಲ್ಕು ತಲೆಯ ಹಾವು ಹೊಸಿಲು ದಾಟಿ ಬಂತು. ಮನೆಯ ಬುಟ್ಟಿಯಲ್ಲಿ ಮೂರು ರೊಟ್ಟಿಗಳಿದ್ದವು.

"ಮೂರು ರೊಟ್ಟಿ, ನಾಲ್ಕು ಬಾಯಿ. ಸಮನಾಗಿ ಹಂಚು. ಕತ್ತಿ ಮುಟ್ಟಬೇಡ" ಎಂದಿತು ಮೊದಲ ತಲೆ.

"ನಾನು ಹಿರಿಯ, ನನಗೆ ಒಂದು ಚೂರು ಜಾಸ್ತಿ" ಎಂದಿತು ಎರಡನೆಯದು.

"ನಿನ್ನೆಯೂ ಹಾಗೇ ಅಂದೆಯಲ್ಲೋ ಹೊಟ್ಟೆಬಾಕ!" ಎಂದಿತು ಮೂರನೆಯದು.

ಬೊಮ್ಮಿ ಒಂದು ರೊಟ್ಟಿಯನ್ನು ನಡುವಿಗೆ ಮಡಚಿದಳು, ಇನ್ನೊಮ್ಮೆ ಮಡಚಿದಳು, ಮಡಿಕೆಯ ಗೆರೆಯಲ್ಲಿ ಹರಿದಳು. ನಾಲ್ಕು ಕಾಲು ರೊಟ್ಟಿ ಆಯಿತು. ಮೂರನ್ನೂ ಹಾಗೇ ಮಾಡಿ ಒಂದೊಂದು ತಲೆಗೆ ಮೂರು ಮೂರು ಕಾಲು ಕೊಟ್ಟಳು. ಮೂರು ತಲೆಗಳು ಗಬಗಬನೆ ತಿಂದು ಓಡಲು ನೋಡಿದವು. ಆಗಲಿಲ್ಲ! ನಾಲ್ಕನೆಯ ತಲೆಗೆ ಹಲ್ಲು ನೋವು, ಅದು ನಿಧಾನಕ್ಕೆ ಅಗಿಯುತ್ತಿತ್ತು. ಅದರ ಪಾಲೂ ಸಮ ಎಂದು ಕಾಣುವ ತನಕ ಹೊಸಿಲು ಬಿಡಲಿಲ್ಲ. ಹೊಸಿಲು ಹಾವನ್ನು ಹಿಡಿದಿಟ್ಟದ್ದನ್ನು ಬೊಮ್ಮಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಮರುದಿನ ಅವನೇ ಕಳಿಸಿದ ಆನೆ ಗಾತ್ರದ ಬಾವಲಿ ಬಂದು ಒಳಂಗಳದ ತೊಲೆಗೆ ತಲೆಕೆಳಗಾಗಿ ಜೋತುಬಿತ್ತು. ತನ್ನ ರೆಕ್ಕೆಯಿಂದ ಬೊಮ್ಮಿಯನ್ನು ಗಿರಗಿರನೆ ತಿರುಗಿಸಿತು. ಸುತ್ತಲೂ ಮಂಜು, ಗೋಡೆಯೂ ಕಾಣದು.

"ಸೂರ್ಯ ಹುಟ್ಟುವ ದಿಕ್ಕು ತೋರಿಸು" ಎಂದಿತು.

ಸಂಕಣ್ಣನಿಗೇ ದಿಕ್ಕು ತಪ್ಪಿತ್ತು. ಬೊಮ್ಮಿ ನೆಲದ ಮೇಲೆ ತೆವಳಿ, ಕೋಲನ್ನು ಹುಡುಕಿ, ಇದ್ದಿಲ ಗೆರೆಗಳ ಮೇಲೆ ಮೂಗು ಇಟ್ಟು ನೋಡಿದಳು. ಬೆಳಗಿನ ಗೆರೆಯ ಪಕ್ಕ ಅವಳೇ ಬರೆದ ಪುಟ್ಟ ಕೋಳಿಯ ಚಿತ್ರವಿತ್ತು. "ಬೆಳಗಿನ ನೆರಳು ಈ ಕಡೆ ಬಿದ್ದಿತ್ತು. ಹಾಗಾದರೆ ಸೂರ್ಯ ಆ ಕಡೆ!" ಎಂದು ಎದುರು ದಿಕ್ಕಿಗೆ ಕೈ ಚಾಚಿದಳು. ಬಾವಲಿ ಮಂಜಿನ ಮೇಲಕ್ಕೆ ಕತ್ತು ಚಾಚಿ ನೋಡಿತು. ಉತ್ತರ ಸರಿ ಎಂದು ಕಂಡು ಹಾರಿಹೋಯಿತು.

ಮೂರನೆಯ ದಿನ ನಡುಮಧ್ಯಾಹ್ನ ಮಬ್ಬುಗಣ್ಣನೇ ಬಂದ. ಅವನ ಕಿವಿಯ ಸಂದಿಯಲ್ಲಿ ಬಳಪಗಳಿದ್ದವು. ಒಂದು ಬಳಪ ಬೆರಳುದ್ದಕ್ಕೆ ಇಳಿದಿತ್ತು. ಅದು ದ್ಯಾವ ಎಂದು ಬೊಮ್ಮಿಗೆ ನೋಡಿದೊಡನೆ ತಿಳಿಯಿತು.

ಮಬ್ಬುಗಣ್ಣ ಅಂಗೈ ಬಿಡಿಸಿದ. ಎರಡು ಹೆಸರುಕಾಳು. ಒಂದು ಹೊಳೆಯುತ್ತಿತ್ತು, ಇನ್ನೊಂದು ಮಾಸಿತ್ತು. "ಒಂದಕ್ಕೆ ಜೀವವಿದೆ, ಒಂದಕ್ಕಿಲ್ಲ. ಜೀವ ಇರುವುದು ಯಾವುದು?"

ಹೊಳೆಯುವುದಕ್ಕೇ ಜೀವ ಎಂದು ಸಂಕಣ್ಣನಿಗೆ ಅನ್ನಿಸಿತು. ಹೇಳಿಕೊಡುವಂತಿಲ್ಲ, ಆದರೂ ಮಾಂತ್ರಿಕನ ಬೆನ್ನ ಹಿಂದೆ ನಿಂತು ಹೊಳೆಯುವ ಕಾಳಿನತ್ತ ಕಣ್ಸನ್ನೆ ಮಾಡಿದ. ಬೊಮ್ಮಿ ಅಣ್ಣನನ್ನು ನೋಡಿದಳು. ಕಾಳನ್ನು ನೋಡಿದಳು.

"ಗೊತ್ತಿಲ್ಲ" ಎಂದಳು.

ಮಬ್ಬುಗಣ್ಣ ನಕ್ಕು ಕೈ ಚಾಚಿದ.

"ತಾಳಿ ತಾತ, ಮುಗಿದಿಲ್ಲ" ಎಂದಳು ಬೊಮ್ಮಿ. "ನೋಡಿದರೆ ತಿಳಿಯಲ್ಲ. ನೆನೆಸಿದರೆ ತಿಳಿಯುತ್ತೆ. ಕೊಡಿ ಇಲ್ಲಿ." ಎರಡೂ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಬೆಚ್ಚಗಿರಲೆಂದು ಒಲೆಯ ಪಕ್ಕ ಇಟ್ಟಳು. "ಉತ್ತರ ಬರುತ್ತಾ ಇದೆ. ಕೂತ್ಕೊಳ್ಳಿ."

ಚಾಚಿದ ಕೈ ಮುಂದಕ್ಕೆ ಬರಲಿಲ್ಲ. ಗೊತ್ತಿಲ್ಲ ಎಂಬುದು ತಪ್ಪು ಉತ್ತರ ಅಲ್ಲವಲ್ಲ!

ಹೊತ್ತು ಇಳಿಯತೊಡಗಿತು. ಮಬ್ಬುಗಣ್ಣ ಬಾಗಿಲ ಕಡೆ ನೋಡಿದ. "ನನಗೆ ಬರೆಯುವ ಕೆಲಸವಿದೆ. ನಾಳೆ ಬರುತ್ತೇನೆ" ಎಂದು ಎದ್ದ. ಹೊಸಿಲು ಗೋಡೆಯಂತೆ ತಡೆಯಿತು. ಕಾಲು ಅಪ್ಪಳಿಸಿದ, ಮಂತ್ರ ಹಾಕಿದ. ಹೊಸಿಲು ಅಲುಗಲಿಲ್ಲ.

"ಬೇಗ ಮೊಳಕೆ ಬರಿಸು ಹುಡುಗಿ!"

"ಬೈದರೆ ಬರಲ್ಲ ತಾತ. ನಮ್ಮಣ್ಣನೂ ಬೈದು ನೋಡಿದ್ದಾನೆ."

ಮುಸ್ಸಂಜೆ ಕಳೆಯಿತು. ಕರಿಬಂಡೆ ಖಾಲಿ ಉಳಿಯಿತು. ಸಂಕಣ್ಣ ಮಾತ್ರ ಒಲೆಯ ಮುಂದೆ ಕೂತು ಗಂಟನ್ನೇ ನೋಡುತ್ತಿದ್ದ. ಎರಡೂ ಮೊಳೆಯದಿದ್ದರೆ? ಬಟ್ಟೆ ಒಣಗಿದರೆ? ಈ ಸಲ ಅವನು ಮರೆಯಲಿಲ್ಲ. ಒಣಗುವ ಮೊದಲೇ ಎದ್ದು ನೀರು ಚಿಮುಕಿಸಿದ.

ಬೆಳಿಗ್ಗೆ ಬೊಮ್ಮಿ ಗಂಟು ಬಿಚ್ಚಿದಳು. ಹೊಳೆಯುವ ಕಾಳು ಹಾಗೇ ಇತ್ತು. ಮಾಸಿದ ಕಾಳಿನಿಂದ ಬಿಳಿ ಮೊಳಕೆ ಇಣುಕಿತ್ತು. "ಇದು!" ಎಂದಳು.

ಉತ್ತರ ಕಂಡಿತು, ಹೊಸಿಲು ಬಿಟ್ಟಿತು. ಮಬ್ಬುಗಣ್ಣ ಹೊರಗೆ ಓಡಿದ. ಆದರೆ ಹೊರಗೆ ಮಂಜಿರಲಿಲ್ಲ. ಬಿಸಿಲಿತ್ತು. ಬೀದಿಯ ಮಧ್ಯದಲ್ಲಿ ಅವನು ಇಬ್ಬನಿಯಂತೆ ಆರಿಹೋದ. ಬಳಪಗಳು ನೆಲಕ್ಕೆ ಬಿದ್ದು ಮಕ್ಕಳಾಗಿ ಎದ್ದವು. ದ್ಯಾವ ಮೊದಲಿಗಿಂತ ಒಂದು ಗೇಣು ಗಿಡ್ಡನಾಗಿದ್ದ. ಅವನ ಅಮ್ಮ ಗಡಿಯಿಂದ ಓಡಿ ಬಂದು ತಿನ್ನಿಸಿದ ತುಪ್ಪದನ್ನಕ್ಕೆ ತಿಂಗಳೊಳಗೆ ಸರಿಹೋದ. ಶಾಲೆಯ ಬಾಗಿಲು ತೆರೆಯಿತು. ಏಳುಕೆರೆಯ ಒಲೆಗಳೆಲ್ಲ ಹೊತ್ತಿದವು, ಎಲ್ಲರ ಮನೆಯಲ್ಲೂ ಉಂಡು ನಗುವ ದಿನ ಬಂತು.

ಅಂದು ಅಂಗಳದಲ್ಲಿ ನಿಂತು ಬೊಮ್ಮಿ ಕೇಳಿದಳು: "ಅಣ್ಣಾ, ಅಷ್ಟು ಮಂಜು ಎಲ್ಲಿಗೆ ಹೋಯಿತು?"

ಸಂಕಣ್ಣನ ಹೊಟ್ಟೆಯೊಳಗಿನ ಕಲ್ಲು ಅಷ್ಟು ದಿನದ ಮೇಲೆ ಕರಗಿತು.

"ಗೊತ್ತಿಲ್ಲ ಬೊಮ್ಮಿ. ಬಾ, ನೋಡೋಣ" ಎಂದ.