ಮೈಕಿನಲ್ಲಿ ಬಾಕಿ ಉಳಿದ ಊರು

ಮಾನ್ಯ ವಾಚಕ ಮಹಾಶಯರೇ, ಪ್ರಣಯವೆಂಬುದು ಉಪವನಗಳಲ್ಲಿಯೂ ನದೀತೀರಗಳಲ್ಲಿಯೂ ಮಾತ್ರ ಅಂಕುರಿಸತಕ್ಕದ್ದೆಂದು ತಾವು ನಂಬಿರುವ ಪಕ್ಷದಲ್ಲಿ, ಆ ನಂಬಿಕೆಯನ್ನು ಈ ಕೆಲವು ಪುಟಗಳ ಮಟ್ಟಿಗೆ ಬದಿಗಿರಿಸಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇನೆ. ಇಲ್ಲಿ ಹೇಳಲಿರುವ ಕಥಾನಕವು ಕಾಸ್ಪಿಚಾನ್ ಎಂಬ ರೈಲ್ವೆ ಜಂಕ್ಷನ್ನಿನ, ಎರಡನೆಯ ಕುರ್ಚಿಗೂ ಎಡೆಯಿಲ್ಲದ ಗಾಜಿನ ಕೊಠಡಿಯೊಂದರಲ್ಲಿ ನಡೆಯಿತು.

ರೈಲುಗಳನ್ನು ಘೋಷಿಸುವ ಜೋರ್ನಿತ್ಸಾ ಬೆಳಗಿನ ಪಾಳಿಗೆಂದು ಆ ಕೊಠಡಿಯ ಬಾಗಿಲು ತೆರೆದಾಗ, ಅವಳ ಕುರ್ಚಿಯಲ್ಲಿ ಅಪರಿಚಿತನೊಬ್ಬ ಕುಳಿತು ಅವಳ ಮೈಕಿನ ಕತ್ತು ತಿರುಚುತ್ತಿದ್ದ.

"ಕೈ ತೆಗೀರಿ ಅದರ ಮೇಲಿಂದ," ಎಂದಳು.

ಅವನು ಕೈ ತೆಗೆದ. ಸ್ಕ್ರೂ ಒಂದು ಉರುಳಿ ಅವಳ ಪಾದರಕ್ಷೆಯ ಬಳಿ ನಿಂತಿತು. "ಕಳ್ಳ ಅಂದ್ಕೊಂಡ್ರಾ?"

"ಕಳ್ಳರಿಗೆ ಇಷ್ಟು ಧೈರ್ಯ ಇರಲ್ಲ. ಅವರು ಯಜಮಾನರ ಕುರ್ಚಿ ಬಿಟ್ಟು ಕೂರ್ತಾರೆ."

ಅವನು ಎದ್ದು ನಿಂತ. ಕೊಠಡಿ ಅಷ್ಟು ಚಿಕ್ಕದಾದ್ದರಿಂದ, ಎದ್ದವನ ಅಂಗಿಯ ಗುಂಡಿ ಅವಳ ಮೂಗಿನ ನೇರಕ್ಕೆ ಬಂತು. ಓಗ್ನ್ಯಾನ್ ಎಂದು ಹೆಸರು ಹೇಳಿದ. ಮುಚ್ಚಿಹೋದ ಸಿನಿಮಾ ಮಂದಿರ, ಕ್ರೀಡಾಂಗಣ, ಕಾರ್ಖಾನೆಗಳ ಊಟದ ಮನೆ ಇವುಗಳಿಂದ ಹಳೆಯ ಡೈನಾಮಿಕ್ ಮೈಕುಗಳನ್ನು ಹುಡುಕಿ ತರುವುದು, ಅವುಗಳಲ್ಲಿಯೇ ಧ್ವನಿಮುದ್ರಣ ಮಾಡುವುದು ಅವನ ಕಸುಬು. ನೆಲದ ಮೇಲೆ ಅವನ ಸೂಟ್‌ಕೇಸು ಬಾಯ್ತೆರೆದಿತ್ತು. ಒಳಗೆ ಒಂದೊಂದು ಮೈಕೂ ಒಂದೊಂದು ಉಣ್ಣೆಯ ಕಾಲುಚೀಲದಲ್ಲಿ ಮಲಗಿತ್ತು.

"ಇದನ್ನ ಮಾಡಿದ ಕಾರ್ಖಾನೇನೇ ಈಗಿಲ್ಲ," ಎಂದು ಅವಳ ಮೈಕಿನ ಜಾಲರಿಯನ್ನು ತೋಳಿನಿಂದ ಒರೆಸಿದ. "ಆದ್ರೂ ನೋಡಿ, ಇದಕ್ಕೆ ಕರೆಂಟ್ ಕೊಡೋದೇ ಬೇಡ. ಒಳಗೆ ಒಂದು ಅಯಸ್ಕಾಂತ, ಒಂದು ತಂತಿ ಸುರುಳಿ, ಒಂದು ತೆಳು ಪೊರೆ. ನೀವು ಉಸಿರಾಡಿದ್ರೆ ಸಾಕು, ಕರೆಂಟ್ ತಾನಾಗೇ ಹುಟ್ಟುತ್ತೆ."

"ನಾನು ಉಸಿರಾಡ್ತಿದೀನೋ ಇಲ್ವೋ ಅಂತ ಇಲ್ಲಿ ಯಾರೂ ಕೇಳಿದ್ದಿಲ್ಲ ಬಿಡಿ."

ಆಗಲೇ ಉಪ ಸ್ಟೇಷನ್ ಮಾಸ್ತರ ಲಾಚೆಜಾರ್ ಹೊರಗಿನಿಂದ ಗಾಜು ತಟ್ಟಿ, ಮುಗುಳ್ನಕ್ಕು, ಎಲ್ಲವನ್ನೂ ವಿವರಿಸಿದ. ಈ ರೈಲುಮಾರ್ಗದ ಸಕಲ ನಿಲ್ದಾಣಗಳಲ್ಲಿಯೂ ಇನ್ನು ಯಂತ್ರವೇ ಘೋಷಣೆ ಮಾಡತಕ್ಕದ್ದು. ಆದರೆ ಧ್ವನಿ ಜೋರ್ನಿತ್ಸಾಳದೇ. ಈ ಮೇಸ್ತ್ರಿ ಅವಳ ಧ್ವನಿಯನ್ನು ಹಿಡಿದುಕೊಡುತ್ತಾನೆ. ಕೂಲಿಯಾಗಿ ಈ ಮುದಿ ಮೈಕು ಅವನಿಗೆ.

"ನನ್ನ ಧ್ವನಿ ಯಂತ್ರಕ್ಕೆ, ನನ್ನ ಮೈಕು ಇವರಿಗೆ," ಎಂದಳು ಅವಳು. "ನನ್ನನ್ನ ಯಾರಾದ್ರೂ ಕೇಳಿದ್ರಾ?"

"ನಿನ್ನ ಒಳ್ಳೇದಕ್ಕೇ ಅಲ್ವೇ ಚಿನ್ನ. ದ್ರಾಕ್ಷಿ ಕುಯ್ಲು ಮುಗೀತಿದ್ದ ಹಾಗೆ ಮದುವೆ. ಆಮೇಲೆ ನೀನು ಈ ಗೂಡಿಗೆ ಬರೋದೇ ಬೇಡ. ಮನೇಲಿ ನಿನಗೆ ಚಳಿ ತಾಗಬಾರದು ಅಂತ ಜಗಲಿಗೆಲ್ಲ ಗಾಜು ಹಾಕಿಸಿದೀನಿ."

ಲಾಚೆಜಾರ್ ಕೆಟ್ಟವನಲ್ಲ. ಅವನು ಕೆಟ್ಟವನಾಗಿದ್ದಿದ್ದರೆ ಅವಳು ಎಂದೋ ಬಿಡಿಸಿಕೊಂಡು ಹೋಗಿರುತ್ತಿದ್ದಳು. ಈ ನೌಕರಿ ಕೊಡಿಸಿದವನು ಅವನು, ಬೆರಳಿಗೆ ಉಂಗುರ ತೊಡಿಸಿದವನು ಅವನು, ಅವಳಿಗೆ ಏನು ಇಷ್ಟವೆಂದು ಅವಳಿಗಿಂತ ಮೊದಲೇ ನಿರ್ಧರಿಸುತ್ತಿದ್ದವನೂ ಅವನೇ. ಗಾಜಿನ ಈ ಕೊಠಡಿಯಿಂದ ಗಾಜಿನ ಆ ಜಗಲಿಗೆ ಎಷ್ಟು ಹೆಜ್ಜೆಯೆಂದು ಯೋಚಿಸುತ್ತ ಅವಳು ವಾರ್ನಾ ರೈಲನ್ನು ಘೋಷಿಸಿದಳು.

ಕಾಸ್ಪಿಚಾನ್‌ಗೆ ಯಾರೂ ಬರುವುದಿಲ್ಲ. ಎಲ್ಲರೂ ಇಲ್ಲಿ ಇಳಿದು, ಚೀಸ್ ತುಂಬಿ ಬೇಯಿಸಿದ ಬಾನಿತ್ಸಾ ತಿಂದು ಕೈ ಒರೆಸಿಕೊಂಡು, ಬೇರೆ ರೈಲು ಹತ್ತುತ್ತಾರೆ. ಅವರನ್ನೆಲ್ಲ ಕಳುಹಿಸಿಕೊಡುವ ಧ್ವನಿ ಮಾತ್ರ ಇಲ್ಲಿಯೇ ಉಳಿಯುತ್ತದೆ.

ಧ್ವನಿಮುದ್ರಣ ಮರುದಿನ ಆರಂಭವಾಯಿತು, ರೈಲಿಗೂ ರೈಲಿಗೂ ನಡುವಣ ಬಿಡುವಿನಲ್ಲಿ. ಓಗ್ನ್ಯಾನ್ ಸೂಟ್‌ಕೇಸಿನ ಮೈಕುಗಳನ್ನೆಲ್ಲ ಒಂದೊಂದಾಗಿ ಅವಳ ಮುಂದೆ ಹಿಡಿದು ನೋಡಿದ. ಒಂದು ಅವಳನ್ನು ಶಾಲಾ ಉಪಾಧ್ಯಾಯಿನಿಯಾಗಿಸಿತು, ಇನ್ನೊಂದು ನೆಗಡಿ ಹಿಡಿದವಳಾಗಿಸಿತು. ಕೊನೆಗೆ ಅವಳದೇ ಹಳೆಯ ಮೈಕಿಗೆ ಮರಳಿದ.

"ಹತ್ತಿರ ಬನ್ನಿ."

"ಇಷ್ಟು ದೂರ ಕೂತೇ ನಾನು ಅರ್ಧ ದೇಶಾನ ರೈಲು ಹತ್ತಿಸಿದೀನಿ."

"ದೂರ ಕೂತ್ರೆ ಇದಕ್ಕೆ ಮಾತು ಕೇಳಿಸುತ್ತೆ, ಮಾತಾಡೋ ಮನುಷ್ಯರು ಕೇಳಿಸಲ್ಲ. ಹೊಸ ಮೈಕು ತಂದ್ರೆ ಪಾರಿವಾಳ, ಹಳಿ, ಪಕ್ಕದ ಮನೆ ಜಗಳ ಎಲ್ಲಾ ಕೇಳಿಸ್ಕೊಳ್ಳುತ್ತೆ. ಈ ಮುದುಕ ಹಾಗಲ್ಲ. ಹತ್ತಿರ ಬಂದೋರ ಮಾತು ಮಾತ್ರ ಇವನಿಗೆ ಬೇಕು."

"ಎಷ್ಟು ಹತ್ತಿರ?"

ಅವನು ಜಾಲರಿಗೂ ಅವಳ ತುಟಿಗೂ ನಡುವೆ ತನ್ನ ಅಂಗೈಯನ್ನು ಅಡ್ಡಲಾಗಿ ಹಿಡಿದ. ಒಂದು ಬೆರಳು ಮಡಚಿದ. ಅವಳು ಅಷ್ಟು ಮುಂದೆ ಬಂದಳು. ಇನ್ನೊಂದು ಮಡಚಿದ. ಉಳಿದ ಬೆರಳುಗಳಿಗೆ ಅವಳ ಉಸಿರು ತಗುಲಿತು. ಅವನು ಅವಸರವಾಗಿ ಕೈ ಹಿಂದೆಗೆದುಕೊಂಡು, ಕಾರಣವಿಲ್ಲದೆ ಹೆಡ್‌ಫೋನು ಸರಿಪಡಿಸಿಕೊಂಡ.

"ಶುಮೆನ್," ಎಂದು ಅವಳು ಮುಂದಿನ ನಿಲ್ದಾಣದ ಹೆಸರು ಹೇಳಿದಳು.

ಅವನು ಕಣ್ಣು ಮುಚ್ಚಿದ. "ಮತ್ತೊಮ್ಮೆ."

"ಚೆನ್ನಾಗಿರಲಿಲ್ವಾ?"

"ಚೆನ್ನಾಗಿತ್ತು. ಅದಕ್ಕೇ ಮತ್ತೊಮ್ಮೆ."

ಪ್ರತಿಯೊಂದು ಊರನ್ನೂ ಎರಡು ಬಗೆಯಲ್ಲಿ ಹೇಳಬೇಕಾಗಿತ್ತು. ರೈಲು ಹಾದುಹೋಗುವ ಊರಾದರೆ ದನಿ ತುಸು ಮೇಲಕ್ಕೆ ಏರಿ ಮುಂದಿನದಕ್ಕೆ ಕೈಚಾಚುತ್ತದೆ. ತಲುಪುವ ಊರಾದರೆ ಮೆಲ್ಲನೆ ಕೆಳಗಿಳಿದು ಕುಳಿತುಕೊಳ್ಳುತ್ತದೆ. ಊರುಗಳ ಹೆಸರುಗಳೆಲ್ಲ ಅವಳಿಗೆ ಬಾಯಿಪಾಠ. ಮಾಡುವ ಮನಸ್ಸಿದ್ದರೆ ಕೆಲಸ ಬೇಗನೆ ಮುಗಿಯುತ್ತಿತ್ತು. ಆದರೆ ರಾಜ್‌ಗ್ರಾದ್ ಬಂದಾಗ ಅವಳು ಕೆಮ್ಮಿದಳು. ಪ್ಲೇವೆನ್ ಬಂದಾಗ ಸೂರ್ಯಕಾಂತಿ ಬೀಜವನ್ನು ಕಟಕ್ಕನೆ ಕಚ್ಚಿದಳು.

"ಬೇಕಂತ ಮಾಡ್ತಿದೀರಾ," ಎಂದ ಓಗ್ನ್ಯಾನ್.

"ನೀವೂ ಬೇಕಂತಾನೇ ಬಿಡ್ತಿದೀರಾ. ಬೀಜದ ಪೊಟ್ಟಣ ತಂದುಕೊಟ್ಟೋರು ಯಾರು?"

ಅವನು ಕೆಂಪಾದ ಕಿವಿಗಳನ್ನು ಹೆಡ್‌ಫೋನಿನೊಳಗೆ ಅಡಗಿಸಿದ. ಇಬ್ಬರಿಗೂ ಗೊತ್ತಿತ್ತು: ಕಡೆಯ ಊರು ಮುಗಿದ ದಿನ ಅವನು ಸೂಟ್‌ಕೇಸು ಮುಚ್ಚುತ್ತಾನೆ, ಅವಳ ಮೇಲೆ ಜಗಲಿಯ ಗಾಜು ಮುಚ್ಚುತ್ತದೆ.

ಎಷ್ಟು ಎಳೆದರೂ ಊರುಗಳು ಮುಗಿದವು. ಕಡೆಯ ಊರು ಸೋಫಿಯಾ ಕೆಳಗಿಳಿದು ಕುಳಿತಿತು.

ಲಾಚೆಜಾರ್ ಬಾಗಿಲಲ್ಲಿ ನಿಂತು ಕೇಳುತ್ತಿರಲು, ಓಗ್ನ್ಯಾನ್ ಇಡೀ ಸಾಲನ್ನು ಹೊಂದಿಸಿ ನುಡಿಸಿದ. ವಾರ್ನಾದಿಂದ ಹೊರಟು, ಪ್ರೊವಾದಿಯಾ. ಆಮೇಲೆ ಶುಮೆನ್.

"ತಡೀರಿ," ಎಂದ ಓಗ್ನ್ಯಾನ್. "ನಡುವೆ ಕಾಸ್ಪಿಚಾನ್ ಎಲ್ಲಿ?"

ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಇಲ್ಲಿ ಕುಳಿತು ಘೋಷಿಸುವವರು ಕಾಸ್ಪಿಚಾನ್‌ಗೆ ಹೋಗುವ ರೈಲೆಂದು ಎಂದೂ ಹೇಳುವುದಿಲ್ಲ. ಹೋಗಬೇಕಾದ ಊರುಗಳೆಲ್ಲ ಬೇರೆಯವು. ಜೋರ್ನಿತ್ಸಾಳ ಬಾಯಿಪಾಠದಲ್ಲಿ ತನ್ನೂರಿನ ಹೆಸರೇ ಇರಲಿಲ್ಲ. ಅದು ಇಲ್ಲವೆಂದು ಲಾಚೆಜಾರನಿಗೂ ಹೊಳೆದಿರಲಿಲ್ಲ.

"ಒಂದು ಪದ ತಾನೇ, ಈಗಲೇ ಹೇಳಿಬಿಡು," ಎಂದ ಅವನು.

ಅವಳು ಹೇಳಿದಳು. ಮೇಲಕ್ಕೆ ಏರುವುದು ಸಲೀಸಾಗಿ ಬಂತು. ಕೆಳಗಿಳಿಯುವುದು ಬರಲಿಲ್ಲ. ಎಷ್ಟು ಬಾರಿ ಹೇಳಿದರೂ ಗೋಡೆಯ ಮೇಲಿನ ಬೋರ್ಡು ಓದಿದಂತಿತ್ತು. ಓಗ್ನ್ಯಾನ್ ಮೈಕು ಬದಲಿಸಿ ನೋಡಿದ. ಎಲ್ಲ ಮೈಕುಗಳೂ ಅದನ್ನೇ ಹೇಳಿದವು.

"ಊರು ಬಂತು ಅನ್ನೋ ಥರ ಹೇಳಿ," ಎಂದ ಮೆಲ್ಲಗೆ.

"ಊರು ಬರಬೇಕಾದ್ರೆ ಮೊದಲು ನಾನು ಊರು ಬಿಟ್ಟಿರಬೇಕಲ್ಲ," ಎಂದಳು ಜೋರ್ನಿತ್ಸಾ. ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವಳಿಗೆ ಕೇಳಿಸಿತು. ಅವಳು ಹುಟ್ಟಿದ್ದು ಇಲ್ಲಿ, ಓದಿದ್ದು ಹಳಿಯ ಆಚೆ ಬದಿಯ ಶಾಲೆಯಲ್ಲಿ. ಸಮುದ್ರಕ್ಕೆ ಕರೆದೊಯ್ಯುತ್ತೇನೆಂದು ಲಾಚೆಜಾರ್ ಪ್ರತಿ ಬೇಸಿಗೆಯಲ್ಲಿಯೂ ಹೇಳಿ, ಪ್ರತಿ ಬೇಸಿಗೆಯಲ್ಲಿಯೂ ಮುಂದೂಡಿದ್ದ.

ಲಾಚೆಜಾರ್ ಗಡಿಯಾರ ನೋಡಿದ. "ಯಾಕಿಷ್ಟು ಕಷ್ಟ? ಟಿಕೆಟ್ ಕೌಂಟರ್ ಹುಡುಗಿ ಹತ್ರ ಹೇಳಿಸೋಣ. ಒಂದು ಪದ ಯಾರ ಬಾಯಲ್ಲಿ ಬಂದ್ರೇನು, ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ."

"ಹಟ ಮಾಡಬೇಡ ಚಿನ್ನ."

"ಹಟ ಮಾಡೋದು ಹೇಗೆ ಅಂತ ಈಗ ತಾನೇ ಕಲೀತಿದೀನಿ, ಲಾಚೊ. ಸ್ವಲ್ಪ ತಡ ಆಯ್ತು." ಅವಳು ಕೊಠಡಿಯ ಬೀಗದಕೈಯನ್ನೂ ಉಂಗುರವನ್ನೂ ಒಟ್ಟಿಗೇ ಅವನ ಅಂಗೈಯಲ್ಲಿಟ್ಟಳು. "ಜಗಲಿಯ ಗಾಜು ಚೆನ್ನಾಗಿದೆ. ಅದರ ಹಿಂದೆ ಕೂರೋಕೆ ನನ್ನ ಕೈಲಾಗಲ್ಲ. ಮೊದಲೇ ಹೇಳಬೇಕಿತ್ತು. ನಾಳೆ ನಾನೇ ವಾರ್ನಾ ರೈಲು ಹತ್ತುತೀನಿ."

ಅವನು ಬೆರಳು ಮಡಚಿ ಎರಡನ್ನೂ ಹಿಡಿದುಕೊಂಡ. "ವಾಪಸ್ ಬರ್ತೀಯ ತಾನೇ?" ಎಂದ. ಅದು ಅವನು ಅವಳನ್ನು ಉತ್ತರ ತಿಳಿಯದೆ ಕೇಳಿದ ಮೊದಲ ಪ್ರಶ್ನೆ.

"ಅದನ್ನ ನೋಡೋಕೇ ಹೋಗ್ತಿದೀನಿ."

ಮರುದಿನ ಮಧ್ಯಾಹ್ನ ಅವಳು ವಾರ್ನಾದಲ್ಲಿ ಸಮುದ್ರದ ಅಂಚಿನಲ್ಲಿ ನಿಂತಳು. ಪಾದರಕ್ಷೆ ಕೈಯಲ್ಲಿ, ಓಗ್ನ್ಯಾನ್ ಪಕ್ಕದಲ್ಲಿ. ಸಂಜೆಯ ರೈಲಿನಲ್ಲಿ ಎದುರುಬದುರು ಕುಳಿತರು. ಪ್ರೊವಾದಿಯಾ ದಾಟಿದ ಮೇಲೆ ಅವನು ಕಾಲುಚೀಲದಿಂದ ಅವಳ ಮೈಕನ್ನು ಹೊರತೆಗೆದ.

"ಚಕ್ರದ ಸದ್ದು ಬರಲ್ವಾ?"

"ಹತ್ತಿರ ಬಂದ್ರೆ ಬರಲ್ಲ."

ಕಿಟಕಿಯಾಚೆ ಸೂರ್ಯಕಾಂತಿ ಹೊಲಗಳು, ನೀರಿನ ಗೋಪುರ, ಆಮೇಲೆ ಆ ಹಳದಿ ಕಟ್ಟಡ, ಅದರೊಳಗೆ ಬರಿದಾದ ಗಾಜಿನ ಗೂಡು. ಬರುವ ರೈಲಿನಿಂದ ಅದು ಎಷ್ಟು ಸಣ್ಣದೆಂದು ಅವಳು ಕಂಡದ್ದು ಅದೇ ಮೊದಲು. ಅವಳು ಮೈಕಿನತ್ತ ಬಾಗಿದಳು.

"ಕಾಸ್ಪಿಚಾನ್," ಎಂದಳು. ದನಿ ಮೆಲ್ಲನೆ ಇಳಿದು, ಇಳಿದಲ್ಲಿಯೇ ಕುಳಿತಿತು.

ರೈಲು ನಿಂತಿತು. ಜನ ಇಳಿದರು, ಬೇರೆಯವರು ಹತ್ತಿದರು. ಜೋರ್ನಿತ್ಸಾ ಕುಳಿತೇ ಇದ್ದಳು.

"ಇಳಿಯಲ್ವಾ?" ಎಂದ ಓಗ್ನ್ಯಾನ್, ಮೈಕು ಹಿಡಿದ ಅವನ ಕೈ ಇನ್ನೂ ಅವಳ ತುಟಿಯ ಬಳಿಯೇ ಇತ್ತು.

"ನಾನು ಇಳೀಬೇಕು ಅಂತ ನಿಮಗಿದೆಯಾ?"

"ಇಲ್ಲ. ಮೊದಲ ದಿನ ಶುಮೆನ್ ಅಂದ್ರಲ್ಲ, ಆವತ್ತಿಂದಾನೇ ಇಲ್ಲ."

"ಹಾಗಾದ್ರೆ ಕೈ ಇಳಿಸಿ ಮೇಸ್ತ್ರಿ," ಎಂದಳು ಅವಳು. "ನಡುವೆ ಮೈಕು ಯಾಕೆ?"

ರೈಲು ಶುಮೆನ್ ಕಡೆಗೆ ಹೊರಟಿತು.

ಮಾನ್ಯ ವಾಚಕರೇ, ಇದನ್ನು ನಾನು ವಾರ್ನಾ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಬರೆದು ಮುಗಿಸುತ್ತಿದ್ದೇನೆ. ಮೇಲಿನ ಧ್ವನಿವರ್ಧಕದಲ್ಲಿ ಈಗ ತಾನೇ ಆ ಧ್ವನಿ ನನ್ನ ರೈಲನ್ನು ಕರೆಯಿತು. ಎಲ್ಲ ಊರುಗಳನ್ನೂ ಅದು ಚೆನ್ನಾಗಿಯೇ ಹೇಳುತ್ತದೆ. ಒಂದು ಊರಿನ ಹೆಸರು ಬಂದಾಗ ಮಾತ್ರ, ಗಡಿಬಿಡಿಯಲ್ಲಿರುವ ಜನರೂ ಅರೆಕ್ಷಣ ನಿಂತು ಮೇಲೆ ನೋಡುತ್ತಾರೆ. ಮಸಿ ಆರುವವರೆಗೆ ಕಾಯಲು ವೇಳೆಯಿಲ್ಲ. ಹಾಳೆಗಳನ್ನು ಮಡಚಿ, ಉಳಿದ ಬಾನಿತ್ಸಾವನ್ನು ಕಾಗದದಲ್ಲಿ ಸುತ್ತಿ, ಚೀಲದ ಪಟ್ಟಿ ಬಿಗಿದುಕೊಂಡು ಹೊರಟೆ.